ಪುಸ್ತಕದ ಬದನೆಕಾಯಿ ತಿಂದ ವರ್ಷ

ಸೆಂಟ್ರಿಂಗ್ ಹಲಗೆಗೆ ಬಳಿಯುವ ಸುಟ್ಟ ಆಯಿಲ್‌ನ ವಾಸನೆ ಎಲ್ಲಿ ಬಂದರೂ ನನಗೆ ಯಾರ ಜೊತೆಗಾದರೂ ಜಗಳ ತೆಗೆಯಬೇಕೆನಿಸುತ್ತದೆ. ಹೋದ ತಿಂಗಳು ಅಕ್ಕನ ಮಗಳನ್ನು ಬಾಗಲಕೋಟೆಯ ನವನಗರದಲ್ಲಿ ಇಂಜಿನಿಯರಿಂಗ್‌ಗೆ ಸೇರಿಸಲು ಇಳಕಲ್ಲಿನಿಂದ ಬಸ್ಸು ಹತ್ತಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಅಂಗಡಿಯ ಪಕ್ಕದಲ್ಲೇ ಯಾರದೋ ಹೊಸ ಕಟ್ಟಡಕ್ಕೆ ಸ್ಲ್ಯಾಬ್ ಹಾಕುವ ತಯಾರಿ ನಡೆದಿತ್ತು. ತುಪ್ಪ, ಬೆಲ್ಲ, ಅಂಟಿನ ಘಮದ ನಡುವೆ ಆ ಕರಿ ಎಣ್ಣೆಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಅದೇ ಹೊತ್ತಿಗೆ ಹುಡುಗಿ ಕೇಳಿದಳು: "ಚಿಗವ್ವಾ, ಅಲ್ಲಿ ಬರೇ ಥಿಯರಿನ ಇರ್ತೈತಂತಲ್ಲ? ಅದನ್ನ ಕಲ್ತು ಏನ್ ಮಾಡೂದು?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನ ಹಿರಿಯರೊಬ್ಬರು ಹೊರಳಿ, "ಖರೆ ಕೇಳಿದಿ ನೋಡವಾ. ಎಲ್ಲಾ ಪುಸ್ತಕದ ಬದನಿಕಾಯಿ" ಎಂದರು.

"ಆ ಬದನಿಕಾಯಿ ತಿಂದ ನಾ ಬೆಳದೀನ್ರೀ," ಎಂದೆ. "ನೀವು ಈಗ ದಾಟಿ ಬಂದ ಸೇತುವೆ ನಿಂತದ್ದೂ ಅದರ ಮ್ಯಾಲೇನ." ಅವರು ಪೇಪರ್ ಬಿಡಿಸಿಕೊಂಡು ಮುಖ ಮುಚ್ಚಿಕೊಂಡರು. ಹುಡುಗಿ ನಾಚಿಕೆಯಿಂದ ಕಿಟಕಿಯ ಹೊರಗೆ ನೋಡತೊಡಗಿದಳು. ನಾಚಿಕೊಳ್ಳಲಿ. ನವನಗರ ಬರುವತನಕ ಆಕೆಗೆ ನನ್ನ ಕಾಲೇಜಿನ ಒಂದು ಸೆಮಿಸ್ಟರಿನ ಕಥೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ನುಂಗಿಕೊಂಡ ಬೈಗುಳಗಳನ್ನು ಇಲ್ಲಿಯೂ ನುಂಗಿಕೊಂಡಿದ್ದೇನೆ.

ನಮ್ಮಪ್ಪ ಸಂಗಪ್ಪ ಸೆಂಟ್ರಿಂಗ್ ಗುತ್ತಿಗೆದಾರ. ಇಳಕಲ್ಲು, ಹುನಗುಂದದ ಸುತ್ತ ಯಾರೇ ಮಾಳಿಗೆ ಹಾಕಿಸಲಿ, ಕಾಂಕ್ರೀಟು ಗಟ್ಟಿಯಾಗುವತನಕ ಅದನ್ನು ಹೊತ್ತು ನಿಲ್ಲುವ ಹಲಗೆ, ಕಂಬ, ಟೇಕು ನಮ್ಮಪ್ಪನವು. ನನಗೆ ಸಿವಿಲ್ ಸೀಟು ಸಿಕ್ಕಾಗ ಊರೆಲ್ಲ ಪೇಡೆ ಹಂಚಿದ್ದ. ಮಗಳು ಗೋಡೆ ಕಟ್ಟುವುದು, ಪಾಯ ತೆಗೆಯುವುದು, ಸಿಮೆಂಟು ಕಲಸುವುದನ್ನೆಲ್ಲ ಇಂಗ್ಲಿಷಿನಲ್ಲಿ ಕಲಿತು ಬರುತ್ತಾಳೆಂದು ಅವನ ಲೆಕ್ಕ. ಸುಳ್ಳೇಕೆ ಹೇಳಲಿ, ನನ್ನ ಲೆಕ್ಕವೂ ಅದೇ ಆಗಿತ್ತು.

ಮೊದಲ ವರ್ಷ ಹೇಗೋ ದಾಟಿತು. ನಾನು ಹೇಳುತ್ತಿರುವುದು ಎರಡನೆಯ ವರ್ಷದ ಮೊದಲ ಅರ್ಧ, ಮಳೆಗಾಲದಲ್ಲಿ ಶುರುವಾಗಿ ಚಳಿಗೆ ಮುಗಿದ ಸೆಮಿಸ್ಟರ್. ಮಳೆಗಾಲವೆಂದರೆ ಏನು, ಬಾಗಲಕೋಟೆಯ ಮಳೆಗಾಲ. ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ಮೋಡ ಬರುತ್ತಿತ್ತು, ನಮ್ಮನ್ನು ನೋಡಿ ಮುಂದೆ ಹೋಗುತ್ತಿತ್ತು. ನವನಗರದ ಉದ್ದನೆಯ ನೇರ ರಸ್ತೆಗಳಲ್ಲಿ ಧೂಳು ತಿನ್ನುತ್ತ ಕಾಲೇಜಿಗೆ ಹೋದರೆ ಒಳಗೆ ಬೋರ್ಡು. ಬೆಳಿಗ್ಗೆ ಬೋರ್ಡು, ಮಧ್ಯಾಹ್ನ ಬೋರ್ಡು. ಆ ಆರು ತಿಂಗಳಲ್ಲಿ ಕಾಲೇಜಿನಲ್ಲಿ ನಾನು ಇಟ್ಟಿಗೆ ಮುಟ್ಟಿದ್ದು ಒಂದೇ ಸಲ, ಕ್ಲಾಸಿನ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಇಡಲು.

ಸೇರಲಿರುವವರಿಗೆ ಯಾರೂ ಹೇಳದ ಮಾತೊಂದಿದೆ. ಮೊದಲ ಕೆಲವು ವಾರ ನೀವು ಕತ್ತೆ ಎಂದೇ ನಿಮಗೆ ಖಾತ್ರಿಯಾಗುತ್ತದೆ. ಪಕ್ಕದವಳು ತಲೆಯಾಡಿಸುತ್ತಾಳೆ, ನೀವೂ ಆಡಿಸುತ್ತೀರಿ. ಆಕೆಗೂ ತಿಳಿದಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ನಾನು ಹನ್ನೆರಡನೆಯ ಇಯತ್ತೆಯವರೆಗೂ ಗಣಿತವನ್ನು ಕನ್ನಡದಲ್ಲೇ ತಲೆಯೊಳಗೆ ಮಾಡಿಕೊಂಡವಳು. ಇಲ್ಲಿ ಬೋರ್ಡಿನ ತುಂಬ ಗ್ರೀಕ್ ಅಕ್ಷರಗಳು ಇರುವೆ ಸಾಲಿನಂತೆ ಹೋಗುತ್ತಿದ್ದವು.

ವಸ್ತುಗಳ ಬಲ ಎಂಬ ವಿಷಯ ಕಲಿಸಲು ಒಬ್ಬ ಮೇಡಂ ಬರುತ್ತಿದ್ದರು. ಮೊದಲ ದಿನವೇ ಎರಡು ತುದಿಗೆ ಆಧಾರ ಕೊಟ್ಟ ತೊಲೆಯೊಂದನ್ನು ಬರೆದು, "ಈ ತೊಲೆಗೆ ತೂಕ ಇಲ್ಲ ಅಂತ ತಿಳ್ಕೋರಿ" ಎಂದರು. ನಾನು ಸೆಂಟ್ರಿಂಗ್ ಸಂಗಪ್ಪನ ಮಗಳು. ತಡೆಯಲಾಗಲಿಲ್ಲ.

"ತೂಕ ಇಲ್ಲದ ತೊಲಿ ಯಾವ ಅಂಗಡ್ಯಾಗ ಸಿಗತೈತ್ರಿ ಮೇಡಂ?"

ಕ್ಲಾಸು ಗೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ. "ಎಲ್ಲೂ ಸಿಗೂದಿಲ್ಲ. ಎಲ್ಲಾನೂ ಒಮ್ಮೆ ನೋಡಿದ್ರ ಯಾವುದು ಯಾವುದರಿಂದ ಆಗೇತಿ ತಿಳಿಯೂದಿಲ್ಲ. ಅದಕ ಮೊದ್ಲ ಒಂದನ್ನ ನೋಡು, ಆಮೇಲೆ ಇನ್ನೊಂದು ಸೇರಿಸು," ಎಂದರು. ಆಗ ಅದು ನನಗೆ ಜಾರಿಕೊಳ್ಳುವ ಉತ್ತರವೆನಿಸಿತು. ಸ್ವಲ್ಪ ದಿನಕ್ಕೆ ಅವರು ಹೆರಿಗೆ ರಜೆಯ ಮೇಲೆ ಹೋದರು. ಸರ್ವೇ ವಿಷಯ ಕಲಿಸುತ್ತಿದ್ದ ಕಟ್ಟಿ ಸರ್ ಹೆಗಲಿಗೆ ಈ ವಿಷಯವೂ ಬಿತ್ತು.

ಮೊದಲ ಒಳಪರೀಕ್ಷೆಯಲ್ಲಿ ನಾನು ಪಲ್ಟಿ ಹೊಡೆದೆ. ಎರಡು ಪರೀಕ್ಷೆ ಸೇರಿ ಕನಿಷ್ಠ ಅಂಕ ಬರದಿದ್ದರೆ ಮುಖ್ಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ದಸರಾ ರಜೆಗೆ ಊರಿಗೆ ಹೋದವಳು ಬನ್ನಿ ಕೊಟ್ಟು ಕಾಲಿಗೆ ಬಿದ್ದು, ಎದ್ದ ಕೂಡಲೇ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬಾಯಿಗೆ ಬಾಯಿ ಕೊಟ್ಟು ಹಗುರಾಗುತ್ತಿದ್ದೆ.

"ಗೋಡಿ ಕಟ್ಟಾಕ ಕಲಿಸಿದ್ರೇನವಾ?"

"ಇಲ್ಲಪಾ."

"ಕಂಬಿ ಬಗ್ಗಸಾಕ?"

"ಇಲ್ಲ."

"ಮತ್ತ ಏನ್ ಕಲಸ್ತಾರ?"

ತೂಕವಿಲ್ಲದ ತೊಲೆಯ ವಿಷಯ ಹೇಳಿದೆ. ಅಪ್ಪ ತಂಬಾಕಿನ ಚಂಚಿ ಮಡಚಿಟ್ಟು ನನ್ನನ್ನೇ ನೋಡಿದ. "ಯವ್ವಾ, ಇದು ಪುಸ್ತಕದ ಬದನಿಕಾಯಿ. ಪಲ್ಯಾ ಆಗೂದಲ್ಲ. ಈ ಸಲ ಪರೀಕ್ಷಾಕ್ಕ ಕೂಡ್ಸಲಿಲ್ಲ ಅಂದ್ರ ಹಾಸಿಗಿ ಸುತ್ತಿಕೊಂಡು ಬಂದುಬಿಡು. ನಾ ಕಲಸ್ತೇನಿ. ಒಂದ ವರ್ಷದಾಗ ಸೈಟ್ ಎಲ್ಲಾ ನೀನ ನೋಡ್ಕೊಳ್ಳುವಂತಿ."

ಇದು ಬೆದರಿಕೆಯಾಗಿರಲಿಲ್ಲ, ಪ್ರೀತಿ. ಅದಕ್ಕೇ ಮೈಯೆಲ್ಲ ಉರಿಯಿತು. ಮಗಳನ್ನು ಮನೆಯಲ್ಲಿ ಕೂರಿಸುವ ಅಪ್ಪನ ವಿರುದ್ಧ ಜಗಳ ಆಡಬಹುದು. ತನ್ನ ಇಡೀ ಕಸುಬನ್ನು ಮಗಳ ಕೈಗೆ ಕೊಡುತ್ತೇನೆನ್ನುವ ಅಪ್ಪನ ಜೊತೆ ಏನಂತ ಆಡುವುದು? ಬೇಡ ಅನ್ನಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ. ಸೋತು ಬರುವುದಿಲ್ಲ ಎಂಬ ಹಟ ಮಾತ್ರ ಇತ್ತು. "ಆತು, ಕೂಡ್ಸಲಿಲ್ಲ ಅಂದ್ರ ಬರ್ತೇನಿ," ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ.

ವಾಪಸು ಬಂದಾಗ ಕ್ಲಾಸಿನ ಎಲ್ಲರೂ ಬಾಯಿಪಾಠಕ್ಕೆ ಕೂತಿದ್ದರು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಹುಶಃ ಈಗಲೂ ಇದೆ. ಬೋರ್ಡಿನ ಮೇಲೆ ಬಂದ ಸಾಧನೆಯನ್ನು, ಅಂದರೆ ಸೂತ್ರ ಹುಟ್ಟಿದ ದಾರಿಯನ್ನು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮಂತ್ರದ ಹಾಗೆ ಉರು ಹೊಡೆಯುವುದು. ನಡುವೆ ಒಂದು ಸಾಲು ಮರೆತರೆ ಮೊದಲಿನಿಂದ ಮತ್ತೆ ಶುರು. ಯಾಕೆ ಆ ಸಾಲು ಬಂತೆಂದು ಕೇಳಿದರೆ, "ಮಾರ್ಕ್ಸ್ ಬರ್ತಾವಿಲ್ಲ, ಸುಮ್ನ ಕುಂದರ," ಎನ್ನುತ್ತಿದ್ದರು. ಕಟ್ಟಿ ಸರ್ ಒಳ್ಳೆಯವರೇ. ಆದರೆ ಅವರದಲ್ಲದ ವಿಷಯ, ಮೂರು ವಿಷಯದ ಹೊರೆ, ಹೀಗಾಗಿ ಸಿದ್ಧ ಸೂತ್ರಗಳನ್ನು ಬರೆಸಿ ಮುಂದೆ ಹೋಗುತ್ತಿದ್ದರು. ಅಂಥದೊಂದು ಸೂತ್ರ: ತೊಲೆಯ ಮೇಲೆ ಭಾರ ಎಲ್ಲಿದೆಯೋ ಅಲ್ಲೇ ತೊಲೆ ಅತಿ ಹೆಚ್ಚು ಬಾಗುತ್ತದೆ, ಅಂದರೆ ಅತಿ ಕೆಳಗೆ ಇಳಿಯುತ್ತದೆ.

ಯಾರಿಗೆ ಅನುಮಾನ ಬರಬೇಕು? ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದ. ಆದರೆ ನನಗೆ ಬಾಯಿಪಾಠ ಬರುವುದಿಲ್ಲ, ಹುಟ್ಟಿದಾಗಿನಿಂದಲೂ ಬಂದಿಲ್ಲ. ಬೇರೆ ದಾರಿಯಿಲ್ಲದೆ ಮೇಡಂ ತೋರಿಸಿಕೊಟ್ಟ ಮೊದಲ ಹೆಜ್ಜೆಯಿಂದ ಒಂದೊಂದೇ ಸಾಲು ನಾನೇ ತೆಗೆಯಲು ಕೂತೆ. ಒಂದು ಮಧ್ಯಾಹ್ನ ರೂಮಿನಲ್ಲಿ ಕರೆಂಟಿಲ್ಲ, ಫ್ಯಾನಿಲ್ಲ, ಅಕ್ಟೋಬರಿನ ಬಿಸಿಲಿಗೆ ಗೋಡೆ ಕಾದಿದೆ. ಭಾರವನ್ನು ನಡುವಿನಿಂದ ತೆಗೆದು ಒಂದು ತುದಿಯ ಹತ್ತಿರ ಇಟ್ಟು ಲೆಕ್ಕ ಮಾಡಿದೆ. ತೊಲೆಯ ಅತಿ ತಗ್ಗಿನ ಜಾಗ ಭಾರದ ಕೆಳಗೆ ಬರಲಿಲ್ಲ. ನಡುವಿನ ಹತ್ತಿರ ಬಂತು.

ತಪ್ಪಾಯಿತೆಂದು ಹರಿದೆ. ಮತ್ತೆ ಮಾಡಿದೆ. ಮತ್ತೆ ಅಲ್ಲೇ. ಭಾರವನ್ನು ತುದಿಯತ್ತ ಇನ್ನೂ ನೂಕಿದೆ. ಆ ತಗ್ಗು ಮಾತ್ರ ನಡುವನ್ನು ಬಿಟ್ಟು ದೂರ ಹೋಗಲು ಒಲ್ಲೆನ್ನುತ್ತಿತ್ತು. ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿದೆ, ನನಗೆ ಗೊತ್ತೇ ಇಲ್ಲ. ಅವತ್ತಿನ ಸಂತೋಷವನ್ನು ಹೇಗೆ ಹೇಳಲಿ? ಯಾರೂ ನನಗೆ ಹೇಳಿರದ, ನಾನು ಕಣ್ಣಿಂದ ನೋಡಿರದ ಒಂದು ಸತ್ಯ ನನ್ನ ಕೈಯ ಕೆಳಗೇ ಹುಟ್ಟಿತ್ತು. ಎದ್ದು ಆ ಸಣ್ಣ ರೂಮಿನಲ್ಲಿ ಒಬ್ಬಳೇ ಕುಣಿದೆ. ಪಕ್ಕದ ರೂಮಿನವಳು, "ಏನಾತ, ಹಲ್ಲಿ ಬಿತ್ತೇನ?" ಎಂದು ಓಡಿ ಬಂದಳು.

ಎರಡನೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಭಾರ ಒಂದು ತುದಿಯ ಹತ್ತಿರ. ಅತಿ ಹೆಚ್ಚು ಬಾಗು ಎಷ್ಟು, ಎಲ್ಲಿ? ಇಡೀ ಕ್ಲಾಸು ಭಾರದ ಕೆಳಗೆ ಎಂದು ಬರೆಯಿತು. ನಾನು ನಡುವಿನ ಹತ್ತಿರ ಎಂದು ಪೂರ್ತಿ ಸಾಧನೆಯೊಂದಿಗೆ ಬರೆದೆ. ಪೇಪರು ಕೈಗೆ ಬಂದಾಗ ನನ್ನ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ಅಂಕ ಸೊನ್ನೆ. ಮುಖ್ಯ ಪರೀಕ್ಷೆಯ ಬಾಗಿಲು ಮುಚ್ಚಿದ ಹಾಗೇ.

ಸ್ಟಾಫ್ ರೂಮಿಗೆ ಹೋದೆ. ಕಟ್ಟಿ ಸರ್ ಪೇಪರನ್ನು ಮತ್ತೊಮ್ಮೆ ನೋಡಲೂ ಇಲ್ಲ. ಆದರೆ ದನಿ ಮೆತ್ತಗಿತ್ತು. "ನೋಡಮ್ಮಾ ಗಿರಿಜಾ, ಸೋಮವಾರ ಇನ್ನೊಂದು ಪರೀಕ್ಷೆ ಕೊಡ್ತೇನಿ. ಕ್ಲಾಸಿನ್ಯಾಗ ಬರೆಸಿದ್ದನ್ನ ಬರಿ. ಮಾರ್ಕ್ಸ್ ಹಾಕಿ ಮುಗಸ್ತೇನಿ."

ಅದನ್ನು ಬರೆದಿದ್ದರೆ ಎಲ್ಲಾ ಮುಗಿಯುತ್ತಿತ್ತು. ಹಾಸಿಗೆ ಸುತ್ತುವ ಮಾತಿಲ್ಲ, ಯಾರ ಕಣ್ಣೂ ಕೆಂಪಾಗುವ ಮಾತಿಲ್ಲ. ಹೂಂ ಅನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ.

"ಸರ್, ಬಾಗೂದು ಅಲ್ಲಿ ಅಲ್ರೀ. ನಾ ಹೆಂಗ ಬರೀಲಿ?"

"ಹಂಗಾರ ಎಲ್ಲಾರೂ ತಪ್ಪು, ನೀ ಒಬ್ಬಾಕಿ ಶ್ಯಾಣ್ಯಾಕಿ?"

"ಎಲ್ಲಾರೂ ತಪ್ಪು ಅದಾರ್ರಿ," ಎಂದೆ. ಸರ್ ಮುಖ ಬಿಗಿಯಿತು. "ಸೋಮವಾರ ಸಾಧಿಸಿ ತೋರ್ಸು. ಆಗಲಿಲ್ಲ ಅಂದ್ರ ನನ್ನ ಹತ್ರ ಬರಬ್ಯಾಡ," ಎಂದರು.

ಶನಿವಾರ ಹುನಗುಂದಕ್ಕೆ ಹೊರಟೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಸಾಲೊಂದಕ್ಕೆ ಅಪ್ಪನ ಸೆಂಟ್ರಿಂಗ್ ನಡೆದಿತ್ತು. ರವಿವಾರ ಬೆಳಿಗ್ಗೆ ಸೈಟಿನಲ್ಲಿ ನಿಂತು ಎಲ್ಲ ಹೇಳಿದೆ. ಅಪ್ಪ ಮೊದಲ ಬಾರಿಗೆ ನಕ್ಕ. "ನಿಮ್ಮ ಮಾಸ್ತರ ಖರೆ ಹೇಳ್ಯಾರ ಬಿಡು. ಭಾರ ಇದ್ದಲ್ಲಿ ಬಾಗತೈತಿ, ಮತ್ತೆಲ್ಲಿ ಬಾಗತೈತಿ?" ಎಂದ. ಅಪ್ಪನ ಜೊತೆ ಬಹಳ ವರ್ಷದಿಂದ ಕೆಲಸ ಮಾಡುವ ಹುಸೇನಿ ಕಾಕಾ ಕೂಡ, "ಹಲಗಿ ಮುರದ್ರ ಚೀಲದ ಕೆಳಗ ಮುರೀತೈತಿ. ಇದೇನ್ ಕೇಳೂ ಮಾತಾ ಬೇಟಿ?" ಎಂದ.

"ಮುರಿಯೂದು ಅಲ್ಲೇ ಕಾಕಾ. ಅದು ಖರೆ. ಎಲ್ಲಿ ಹೆಚ್ಚು ಬಾಗತೈತಿ ಅಂತ ಕೇಳಾಕತ್ತೀನಿ ನಾ."

ಇಬ್ಬರಿಗೂ ಎರಡೂ ಒಂದೇ ಆಗಿತ್ತು. ಪಿತ್ತ ನೆತ್ತಿಗೇರಿತು. ಒಂದು ಉದ್ದ ಹಲಗೆ ಎಳೆದುಕೊಂಡು ಬಂದು ಎರಡು ಇಟ್ಟಿಗೆ ಗುಡ್ಡೆಗಳ ಮೇಲೆ ತುದಿಯಿಟ್ಟೆ. ಹಲಗೆಯ ಮಗ್ಗುಲಿಗೆ ಈ ತುದಿಯಿಂದ ಆ ತುದಿಗೆ ಗಾರೆ ಕೆಲಸದ ದಾರ ಬಿಗಿದು ಕಟ್ಟಿದೆ. ಗೇಣಿಗೊಂದು ಗುರುತು ಹಾಕಿದೆ. ಸಿಮೆಂಟು ಚೀಲ ಇಡುವ ಮೊದಲೇ ಹಲಗೆ ತನ್ನ ತೂಕಕ್ಕೇ ಸ್ವಲ್ಪ ಜೋತು ಬಿದ್ದಿತ್ತು. ಅಪ್ಪ ಅದನ್ನು ತೋರಿಸಿ, "ಇದು ಮೊದ್ಲ ನಡುವ ಬಾಗೇತಿ. ಮೋಸ ಆಗತೈತಿ" ಎಂದ. ನಾನು ಪ್ರತಿ ಗುರುತಿನ ಹತ್ತಿರ ದಾರದಿಂದ ಹಲಗೆ ಎಷ್ಟು ಕೆಳಗಿದೆ ಎಂದು ಅಳೆದು ಬರೆದುಕೊಂಡೆ. ಚೀಲ ಇಟ್ಟಮೇಲೆ ಮತ್ತೆ ಅಳೆದು ಮೊದಲಿನದನ್ನು ಕಳೆದರೆ ಉಳಿಯುವುದು ಚೀಲದಿಂದಾದ ಬಾಗು ಮಾತ್ರ. ಅದನ್ನು ಯೋಚಿಸುತ್ತ ಬರೆಯುತ್ತಿದ್ದ ಕೈ ನಿಂತಿತು. ಮೇಡಂ ಹೇಳಿದ ತೂಕವಿಲ್ಲದ ತೊಲೆ ಇದೇ! ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಹೀಗೆ ಕಳೆದಾಗ ಸಿಗುತ್ತದೆ.

ಹುಸೇನಿ ಕಾಕಾ ಒಂದು ತುದಿಯ ಹತ್ತಿರ ಎರಡು ಚೀಲ ಪೇರಿಸಿದ. ಟೇಪು ಅಪ್ಪನ ಕೈಗೇ ಕೊಟ್ಟೆ. ನಾನು ಅಳೆದರೆ ಮಗಳು ಮೋಸ ಮಾಡಿದಳು ಎಂದಾನು ಎಂದು. ಅಪ್ಪ ಚೀಲದ ಹತ್ತಿರ ಅಳೆದ. ಒಂದು ಗುರುತು ನಡುವಿನ ಕಡೆ ಸರಿದು ಅಳೆದ. ಇನ್ನೊಂದು. ಮೊದಲಿನದನ್ನು ನಾನು ಕಳೆಯುತ್ತ ಹೋದೆ, ಪ್ರತಿ ಸಲ ಬಾಗು ಹೆಚ್ಚುತ್ತಲೇ ಹೋಯಿತು. ನಡುವಿನ ಹತ್ತಿರ ಬಂದಮೇಲೆ ಕಡಿಮೆಯಾಗತೊಡಗಿತು. ಅಪ್ಪ ತಾನೇ ಚೀಲಗಳನ್ನು ಎತ್ತಿ ತುದಿಗೆ ಇನ್ನೂ ಹತ್ತಿರ ಇಟ್ಟ. ಮತ್ತೆ ಅಳೆದ. ಬಾಗು ಸಣ್ಣದಾಗಿತ್ತು, ಆದರೆ ತಗ್ಗು ಅಲ್ಲೇ, ನಡುವಿನ ಹತ್ತಿರ.

"ಅಲ್ಲಾ!" ಎಂದ ಹುಸೇನಿ ಕಾಕಾ.

ಅಪ್ಪ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡ. ಆಮೇಲೆ, "ನಾಳೆ ಈ ಹಲಗಿ ಒಯ್ಯೂಣು. ಮಾಸ್ತರ ಮುಂದ ಇಟ್ಟು ತೋರ್ಸೂಣು," ಎಂದ.

ಹೀಗೆ ಸೋಮವಾರ ಬೆಳಿಗ್ಗೆ ಸೆಂಟ್ರಿಂಗ್ ಸಾಮಾನು ಹೊರುವ ಗೂಡ್ಸ್ ಗಾಡಿಯಲ್ಲಿ ನಮ್ಮ ಸವಾರಿ ಹೊರಟಿತು. ಹಲಗೆ ಹಿಂದೆ ಮಾರುದ್ದ ಚಾಚಿಕೊಂಡಿತ್ತು, ತುದಿಗೆ ಕೆಂಪು ಬಟ್ಟೆ. ಅಮೀನಗಡದಲ್ಲಿ ಅಪ್ಪ ಗಾಡಿ ನಿಲ್ಲಿಸಿ ಸರ್‌ಗೆಂದು ಕರದಂಟು ಕೊಳ್ಳಲು ಇಳಿದ. "ಅಪ್ಪಾ, ಲಂಚ ಅಂತಾರ! ನನ್ನ ಕಾಲೇಜ ಬಿಡಸ್ತಿ ಏನ?" ಎಂದು ಅಂಗಿ ಹಿಡಿದು ಎಳೆದು ಕೂರಿಸಿದೆ.

ಕಾಲೇಜಿನ ಅಂಗಳದಲ್ಲಿ ಹಲಗೆ ಇಳಿದಾಗ ಹುಡುಗರೆಲ್ಲ ಸೇರಿದರು. ಕಟ್ಟಿ ಸರ್ ಕ್ಲಾಸಿಗೆ ಹೋಗುತ್ತಿದ್ದವರು ನಿಂತು, "ಏನಿದು? ಕಾಲೇಜ್ ಅಂದ್ರ ಸೈಟ್ ಮಾಡೀರೇನು?" ಎಂದರು. ಅಪ್ಪ ಕೈ ಮುಗಿದ. ಯಾರಿಗೂ ಜಗ್ಗದ ನಮ್ಮಪ್ಪ ಅಲ್ಲಿ ಎಣ್ಣೆ ಕಲೆಯ ಅಂಗಿಯಲ್ಲಿ ಕೈ ಮುಗಿದು ನಿಂತದ್ದು ನೋಡಿ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

"ಮಗಳು ಹೇಳಿದ್ದು ಖರೆ ಐತ್ರಿ ಸಾಹೇಬ್ರ. ಈ ಹಲಗಿ ಮ್ಯಾಲೆ ತೋರಿಸ್ತೇವ್ರಿ."

"ಬ್ಯಾಡ ಅಪ್ಪಾ," ಎಂದೆ. "ಹಲಗಿ ಹೊರಗ ಇರಲಿ. ಸರ್, ನನಗ ಚಾಕ್ ಕೊಡ್ರಿ."

ಅಪ್ಪ ತಬ್ಬಿಬ್ಬಾದ. ಗೆಲ್ಲುವುದು ಖಾತ್ರಿಯಿರುವ ಹಲಗೆ ಬಿಟ್ಟು ಬೋರ್ಡಿಗೆ ಹೋಗುತ್ತೇನೆನ್ನುವ ಮಗಳು! ಆದರೆ ಹಲಗೆಯ ಮೇಲೆ ತೋರಿಸಿದರೆ ಆ ಒಂದು ಹಲಗೆಯದು ಮಾತ್ರ ಸಾಬೀತು. ಈ ಹಲಗೆಗೆ ಗಂಟಿದೆ, ಸೀಳಿದೆ ಎಂದು ಯಾರಾದರೂ ಅಂದಾರು. ನನಗೆ ಬೇಕಿದ್ದದ್ದು ಜಗತ್ತಿನ ಎಲ್ಲ ಹಲಗೆ, ಇನ್ನೂ ಮರದಿಂದ ಕೊಯ್ಯದ ಹಲಗೆಯೂ ಸೇರಿ. ಅದು ಬೋರ್ಡಿನ ಮೇಲೆ ಮಾತ್ರ ಆಗುವ ಕೆಲಸ. ಪ್ರಾಕ್ಟಿಕಲ್, ಪ್ರಾಕ್ಟಿಕಲ್ ಎಂದು ಬಡಿದುಕೊಳ್ಳುವವರಿಗೆ ಇವತ್ತಿಗೂ ನಾನು ಹೇಳುವುದು ಇಷ್ಟೇ.

ಅಪ್ಪ ಕೊನೆಯ ಬೆಂಚಿನಲ್ಲಿ, ಎರಡು ಕೈ ತೊಡೆಯ ಮೇಲಿಟ್ಟು ಕೂತ. ನಾನು ಬರೆಯತೊಡಗಿದೆ. ಇಂಗ್ಲಿಷು ತಡವರಿಸಿತು, ಎರಡನೆಯ ಸಾಲಿಗೆ ಅದನ್ನು ಕೈಬಿಟ್ಟು ಕನ್ನಡದಲ್ಲೇ ಹೇಳಿದೆ. "ರಸ್ತೆ ಇಳೀತ ಇಳೀತ ಹೋಗಿ ಏರೂಕಿಂತ ಮೊದ್ಲ ಒಂದ್ ಕಡೆ ಸಪಾಟ ಆಗತೈತಿ. ತಗ್ಗು ಅಂದ್ರ ಅದ. ಭಾರದ ಕೆಳಗ ತೊಲಿ ಸಪಾಟ ಆಗೂದಿಲ್ಲ, ಓರೆನ ಇರ್ತೈತಿ. ಹಂಗಾರ ತಗ್ಗು ಅಲ್ಲಿ ಹೆಂಗ ಆಗತೈತಿ?" ಓರೆ ಸೊನ್ನೆಯಾಗುವ ಜಾಗ ಹುಡುಕಿದೆ. ನಡುವೆ ಸರ್, "ಅಲ್ಲಿ ಮೈನಸ್ ಯಾಕ?" ಎಂದರು. ಯಾಕೆಂದು ಹೇಳಿದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. ಕೊನೆಯ ಸಾಲಿನಲ್ಲಿ ತಗ್ಗು ನಡುವಿನ ಹತ್ತಿರವೇ ಬಂದು ನಿಂತಿತು.

ಕಟ್ಟಿ ಸರ್ ಎದ್ದು ಬಂದು ನನ್ನ ಕೈಯಿಂದ ಚಾಕ್ ತೆಗೆದುಕೊಂಡರು. ಬೋರ್ಡಿನ ಉಳಿದ ಜಾಗದಲ್ಲಿ ಭಾರವನ್ನು ತುದಿಗೆ ಇನ್ನೂ ಹತ್ತಿರ ಇಟ್ಟು ತಾವೇ ಲೆಕ್ಕ ಮಾಡಿದರು. ಬಂದ ಉತ್ತರದ ಕೆಳಗೆ ಗೆರೆ ಎಳೆದರು. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಇದು ನನಗ ಗೊತ್ತಿರಲಿಲ್ಲ. ನಾ ನಿಮಗ ತಪ್ಪು ಹೇಳಿದ್ದೆ. ಎಲ್ಲಾರೂ ಪೇಪರ್ ವಾಪಸ್ ಕೊಡ್ರಿ," ಎಂದರು. ಅವತ್ತಿನಿಂದ ಆ ಮನುಷ್ಯನ ಮೇಲಿನ ನನ್ನ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ಅಂಕ ಕಳೆದುಕೊಂಡ ಗೆಳತಿಯರು ಮಾತ್ರ ಮುಂದೆ ಸುಮಾರು ದಿನ ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬಿಟ್ಟರು, ನಾನೂ ಅವರ ಕಾಲು ಹಿಡಿಯಲಿಲ್ಲ.

ನನ್ನ ಕೆಂಪು ಗೀಟಿನ ಪಕ್ಕ ಪೂರ್ತಿ ಅಂಕ ಬಿತ್ತು. ಮುಖ್ಯ ಪರೀಕ್ಷೆಗೆ ಕೂರುವುದು ಖಾತ್ರಿಯಾಯಿತು.

ಅಪ್ಪ ಅಂಗಳಕ್ಕೆ ಬಂದು ಗಾಡಿಯ ಹತ್ತಿರ ನಿಂತ. ಬೋರ್ಡಿನ ಮೇಲಿನ ಒಂದು ಅಕ್ಷರವೂ ಅವನಿಗೆ ತಿಳಿದಿರಲಿಲ್ಲ. ಅದು ಅವನ ಮುಖದಲ್ಲೇ ಇತ್ತು. ಆದರೆ ಏನೋ ಒಂದು ಅವನನ್ನು ನಿನ್ನೆಯಿಂದ ಕಾಡುತ್ತಿತ್ತು.

"ಗಿರಿಜವ್ವಾ, ಒಂದ್ ಮಾತು ಹೇಳು. ನಾ ಇಷ್ಟ ವರ್ಷ ಹಲಗಿ ಜೋಡಿ ಬಾಳೇ ಮಾಡೀನಿ, ನನಗ ಕಾಣಲಿಲ್ಲ. ನೀ ದಾರ ಕಟ್ಟೂಕಿಂತ ಮೊದ್ಲ, ಹಲಗಿ ನೋಡೂಕಿಂತ ಮೊದ್ಲ, ಆ ಕ್ವಾಣ್ಯಾಗ ಕುಂತು ನಿನಗ ಹೆಂಗ ಗೊತ್ತಾತು?"

"ಅದನ್ನ ಕಲಸ್ತಾರಪಾ ಇಲ್ಲಿ," ಎಂದೆ. "ಅದೊಂದನ್ನ."

ಅಪ್ಪ ಕಾಲೇಜಿನ ಕಟ್ಟಡವನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿದ. ಬಗ್ಗಿ ಹಲಗೆಯನ್ನು ಎತ್ತಿ ಹೆಗಲಿಗಿಟ್ಟುಕೊಂಡ. ನಾನು ಇನ್ನೊಂದು ತುದಿ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿದ.

"ಹಂಗಾರ ಅದನ್ನ ಪೂರ್ತಿ ಕಲಿ," ಎಂದ. "ಹಲಗಿ ಹೊರಾಕ ನಾ ಅದೀನಿ."